ಕಡ್ಡಿ ಎತ್ತಿಡದ ಅತ್ತೆ

ನಮ್ಮತ್ತೆಗೆ ಕರುಳಿನ ಕ್ಯಾನ್ಸರ್ ಎಂದು ಗೊತ್ತಾದ ಮರುದಿನವೂ ಅವರು ಎಂದಿನಂತೆ ಎದ್ದು ಜೋಳದ ರೊಟ್ಟಿ ಬಡಿದರು. ಬರ್ಮಿಂಗ್‌ಹ್ಯಾಮಿನ ಹಾರ್ಬೋರ್ನ್‌ನಲ್ಲಿ ಒಂದೇ ಗೋಡೆಯ ಆಚೆ ಈಚೆ ಎರಡು ಸಂಸಾರ ಇರುವಂಥ ಮನೆ ನಮ್ಮದು. ಆಚೆಯ ಇಂಗ್ಲಿಷ್ ದಂಪತಿ ಆ ಟಪಟಪ ಸದ್ದನ್ನು ಕೇಳಿ ನಮ್ಮ ಬಾಯ್ಲರ್ ಕೆಟ್ಟಿದೆಯೆಂದು ಬಹಳ ಕಾಲ ನಂಬಿದ್ದರು. ಒಂದು ಸಲ ಪಾಪ, ರಿಪೇರಿಯವನ ನಂಬರನ್ನೂ ತಂದುಕೊಟ್ಟರು. ನಾನು ಥ್ಯಾಂಕ್ಸ್ ಹೇಳಿ ಇಸಿದುಕೊಂಡೆ. ಅದು ಬಾಯ್ಲರಲ್ಲ, ನಮ್ಮತ್ತೆ ಎಂದು ಹೇಳುವ ಹಾಗಿರಲಿಲ್ಲ.

ಯಾಕೆ ಹೇಳುವ ಹಾಗಿರಲಿಲ್ಲ ಎಂಬುದೇ ಈ ಕಥೆ.

ನಾನು ಮೈಸೂರಿನವಳು. ಚಪಾತಿ ಕೇಳಿ, ದೋಸೆ ಕೇಳಿ, ಬೇಕಾದರೆ ಹೋಳಿಗೆಯನ್ನೂ ಕೇಳಿ, ಮಾಡಿ ಬಡಿಸುತ್ತೇನೆ. ಜೋಳದ ಹಿಟ್ಟು ಮಾತ್ರ ನನ್ನ ಕೈಗೆ ಬಂದ ಕೂಡಲೇ ಮುನಿಸಿಕೊಳ್ಳುತ್ತದೆ. ನಡುವೆ ಬಿರಿಯುತ್ತದೆ, ಅಂಚು ಹರಿಯುತ್ತದೆ, ಹಂಚಿಗೆ ಹಾಕುವಷ್ಟರಲ್ಲಿ ಎರಡು ಹೋಳು. ನನ್ನ ಗಂಡ ಧಾರವಾಡದ ಕಡೆಯವರು, ರೊಟ್ಟಿ ಇಲ್ಲದ ಊಟ ಅವರಿಗೆ ಊಟವೇ ಅಲ್ಲ. ಮಾವ ತೀರಿಹೋದ ಮೇಲೆ, ವೀಸಾ ಕಾನೂನು ಇಷ್ಟು ಬಿಗಿಯಾಗುವ ಮೊದಲೇ, ಅತ್ತೆ ನಮ್ಮಲ್ಲಿಗೆ ಬಂದು ನೆಲೆಸಿದರು. ಬಂದ ವಾರದಲ್ಲೇ ನನ್ನ ರೊಟ್ಟಿ ನೋಡಿ ಏನೂ ಅನ್ನಲಿಲ್ಲ. ಡಾಕ್ಟರ್ ಮಗ ಆಸ್ಪತ್ರೆಗೆ ಹೊರಡುವುದನ್ನೇ ಕಾದು, ಸೆರಗು ಸಿಕ್ಕಿಸಿ ಅಡುಗೆಮನೆಗೆ ಬಂದು, "ನೀ ಸರಿ ಯವ್ವಾ" ಎಂದರು. ನಾನು ಸರಿದೆ.

ಅಂದಿನಿಂದ ನಮ್ಮ ಮನೆಗೆ ಎರಡು ಮುಖ. ಮಗನ ಕಾರು ಹೊರಟ ಮೇಲೆ ಅತ್ತೆ ರೊಟ್ಟಿ ಬಡಿದು ಡಬ್ಬಿ ತುಂಬುತ್ತಿದ್ದರು. ಸ್ನಾನ ಮಾಡಿ, ಮಹಡಿಯ ಪುಟ್ಟ ಕೋಣೆಯಲ್ಲಿ ಲಿಂಗಪೂಜೆ ಮುಗಿಸಿ, ಇಳಿದು, ಏನೋ ಮರೆತೆನೆಂದು ಮತ್ತೆ ಹತ್ತುತ್ತಿದ್ದರು. ಹಿತ್ತಲಿನ ಮೆಂತ್ಯದ ಮಡಿಗೆ ನೀರು ಹಾಕಿ, ಕೋಟು ತೊಟ್ಟು ಹೈಸ್ಟ್ರೀಟಿನ ಅಂಗಡಿಸಾಲಿಗೆ ನಡೆದುಹೋಗಿ, ಕೊತ್ತಂಬರಿ ಮಾರುವವನ ಹತ್ತಿರ ಶುದ್ಧ ಕನ್ನಡದಲ್ಲಿ ಚೌಕಾಸಿ ಮಾಡಿ ಬರುತ್ತಿದ್ದರು. ಸಂಜೆ ಮಗ ಬರುವ ಹೊತ್ತಿಗೆ ಸೋಫಾದ ಮೇಲೆ ಕಾಲು ನೀಡಿ, ಹುಟ್ಟಿದಾಗಿನಿಂದ ಅಲ್ಲೇ ಕೂತವರ ಹಾಗೆ ಕೂತಿರುತ್ತಿದ್ದರು. ಮಗ ಉಣ್ಣುತ್ತಾ, "ಇವತ್ತ ರೊಟ್ಟಿ ಭಾಳ ಛಲೋ ಆಗ್ಯಾವ" ಎಂದು ನನ್ನ ಮುಖ ನೋಡುತ್ತಿದ್ದರು. ನಾನು ಸಾರು ಬಡಿಸುತ್ತಿದ್ದೆ.

ಯಾರಾದರೂ ಮನೆಗೆ ಬಂದರೆ, ಅಥವಾ ಹಬ್ಬಕ್ಕೆ ಟಿವಿಡೇಲ್‌ನ ಬಾಲಾಜಿ ಗುಡಿಗೆ ಹೋದರೆ, ಅತ್ತೆಯ ಮಾತು ಒಂದೇ. "ನನ್ನ ಸೊಸಿ ನನಗ ಒಂದ ಕಡ್ಡಿ ಸೈತ ಎತ್ತಿಡಗೊಡಂಗಿಲ್ರಿ." ಕೊರಳಲ್ಲಿ ಲಿಂಗ ಕಟ್ಟಿಕೊಂಡವರು ವೆಂಕಟೇಶನ ಗುಡಿಗೆ ಯಾಕೆ ಹೋಗುತ್ತಿದ್ದರೆಂದರೆ, ಈ ಮಾತು ಹೇಳಲು ಅಷ್ಟು ಜನ ಬೇರೆಲ್ಲೂ ಸಿಗುತ್ತಿರಲಿಲ್ಲ. ಕೇಳಿದ ಹೆಂಗಸರು ನನ್ನನ್ನು ಮೆಚ್ಚುಗೆಯಿಂದಲೂ ತಮ್ಮ ಸೊಸೆಯರನ್ನು ಬೇರೆ ರೀತಿಯಿಂದಲೂ ನೋಡುತ್ತಿದ್ದರು. ನನ್ನ ಕೀರ್ತಿ ಬರ್ಮಿಂಗ್‌ಹ್ಯಾಮ್ ದಾಟಿ ಲೀಡ್ಸ್‌ವರೆಗೂ ಹೋಗಿತ್ತೆಂದು ಕೇಳಿದ್ದೇನೆ.

ಹೀಗಿರುವಾಗ ಅತ್ತೆಯ ಮೈಯಲ್ಲಿ ರಕ್ತ ಕಡಿಮೆಯಾಯಿತು. ಜಿಪಿ, ಅಂದರೆ ನಮ್ಮ ಬಡಾವಣೆಯ ಡಾಕ್ಟರು, ಪರೀಕ್ಷೆಗೆ ಕಳುಹಿಸಿದರು, ಪರೀಕ್ಷೆಯಲ್ಲಿ ಗಡ್ಡೆ ಸಿಕ್ಕಿತು. ಸರ್ಜನ್ ಚಿತ್ರ ಬರೆದು ವಿವರಿಸಿದರು. ಗಡ್ಡೆ ಬೇರೆಲ್ಲೂ ಹರಡಿಲ್ಲ, ಕರುಳಿನ ಆ ತುಂಡನ್ನು ತೆಗೆದರೆ ಗುಣವಾಗುವ ಸಾಧ್ಯತೆ ಚೆನ್ನಾಗಿದೆ, ಆದರೆ ಎಂಬತ್ತರ ಹತ್ತಿರದ ದೇಹ ಅಷ್ಟು ದೊಡ್ಡ ಆಪರೇಷನ್ ತಡೆದುಕೊಳ್ಳಬೇಕಲ್ಲ. ವಯಸ್ಸಾದವರನ್ನು ನೋಡುವ ತಂಡವೇ ಬೇರೆ ಇದೆ, ಅವರು ಅಮ್ಮನ ಶಕ್ತಿ ಎಷ್ಟಿದೆಯೆಂದು ನೋಡಿ ಹೇಳಲಿ, ಆಮೇಲೆ ತೀರ್ಮಾನ ಎಂದರು. ನನಗೆ ಒಳಗೊಳಗೇ ಸಮಾಧಾನವಾಯಿತು. ಶಕ್ತಿಯ ಪರೀಕ್ಷೆಯಾದರೆ ನಮ್ಮತ್ತೆ ಫಸ್ಟ್ ಕ್ಲಾಸು.

ಪರೀಕ್ಷೆಯ ದಿನ ಒಬ್ಬ ನರ್ಸ್ ನಮ್ಮನ್ನು ಕೂರಿಸಿ, ಮೇಜಿನ ನಡುವೆ ಫೋನ್ ಇಟ್ಟು ಸ್ಪೀಕರ್ ಹಾಕಿದರು. ಮನೆಯವರು ಮಾತನ್ನು ತಿರುಚಬಾರದೆಂದು ಹೊರಗಿನ ದುಭಾಷಿಯೇ ಆಗಬೇಕಂತೆ. ಒಳ್ಳೆಯ ನಿಯಮ, ನಾನು ದೂರುವುದಿಲ್ಲ. ಎಲ್ಲಿಂದಲೋ ಒಬ್ಬ ಹೆಂಗಸಿನ ಅಚ್ಚಕನ್ನಡದ ದನಿ ಕೇಳಿಸಿತು. ಅತ್ತೆ ಫೋನಿನ ಕಡೆ ತಿರುಗಿ ಸೆರಗು ಸರಿಮಾಡಿಕೊಂಡರು.

"ಅಮ್ಮಾ ನಮಸ್ಕಾರ. ನೀವು ಹೇಳಿದ್ದನ್ನ ಇವರಿಗೆ, ಇವರು ಹೇಳಿದ್ದನ್ನ ನಿಮಗೆ ಹೇಳ್ತೀನಿ."

"ಯಾವೂರ್ರೀ ನಿಮ್ದು?"

"ನನ್ನ ವಿಷಯ ಹೇಳೋ ಹಾಗಿಲ್ಲ ಅಮ್ಮಾ."

"ಹೇಳಬ್ಯಾಡ್ರಿ. ಬೆಂಗಳೂರ ಕಡೇ ಮಾತು, ಗೊತ್ತಾತು."

ಅಲ್ಲಿಗೆ ಕೆಲಸ ಕೆಟ್ಟಿತು. ನರ್ಸ್‌ಗೆ ಅದು ಆರೋಗ್ಯದ ತಪಾಸಣೆ. ಅತ್ತೆಗೆ ಅದು ನಮ್ಮ ಮಂದಿಯೊಬ್ಬರು ಕೂತು ನಮ್ಮ ಮನೆತನವನ್ನು ವಿಚಾರಿಸುವ ಸಂದರ್ಭ. ಅಡುಗೆ ನೀವೇ ಮಾಡಿಕೊಳ್ಳುತ್ತೀರಾ ಎಂದು ಪ್ರಶ್ನೆ ಬಂತು.

"ಛೇ ಛೇ! ನಾ ಯಾಕ ಮಾಡ್ಲಿ? ಬಂಗಾರದಂಥಾ ಸೊಸಿ ಅದಾಳ."

ಸ್ನಾನ?

"ಸೊಸಿ ನೀರು ಹದಾ ಮಾಡಿ, ಸೀರಿ ತೆಗದ ಇಡತಾಳ್ರಿ."

ಅಂಗಡಿಗೆ ಹೋಗುವುದು?

"ಮಗಾ ಕಾರಿನಾಗ ತರತಾನ."

ಮೆಟ್ಟಿಲು?

"ಹತ್ತಬ್ಯಾಡ ಅಂದಾನ್ರಿ ಮಗಾ." ಇದು ನಿಜವೇ. ಮಗ ಹಾಗೆ ಹೇಳಿದ್ದು ನಿಜ.

ಹಗಲೆಲ್ಲ ಏನು ಮಾಡುತ್ತೀರಿ ಎಂದು ನರ್ಸ್ ಕೊನೆಗೆ ಕೇಳಿದರು. ಅತ್ತೆ ನನ್ನ ಕಡೆ ಒಮ್ಮೆ ಹೆಮ್ಮೆಯಿಂದ ನೋಡಿ, "ರಾಣಿ ಇಟ್ಟಂಗ ಇಟ್ಟಾರ್ರೀ. ಕುಂತಲ್ಲೇ ಊಟಾ, ಕುಂತಲ್ಲೇ ಚಾ" ಎಂದರು. ಫೋನಿನಾಕೆ ಒಂದಕ್ಷರ ಬಿಡದೆ ಅದನ್ನು ಇಂಗ್ಲಿಷಿಗೆ ಇಳಿಸಿದರು. ನಾನು ಬಾಯಿ ತೆರೆದೆ. ಅಮ್ಮನೇ ಹೇಳಲಿ ಎಂದು ನರ್ಸ್ ನಯವಾಗಿ ಕೈ ಅಡ್ಡ ಹಿಡಿದರು. ಪಕ್ಕದಲ್ಲಿ ನನ್ನ ಗಂಡ, ಬೇರೊಂದು ಆಸ್ಪತ್ರೆಯಲ್ಲಿ ಊರಿನವರ ಮೂಳೆಗಳನ್ನೆಲ್ಲ ಜೋಡಿಸುವ ದೊಡ್ಡ ಡಾಕ್ಟರು, ಸ್ಕೂಲ್ ಡೇಯಲ್ಲಿ ತಮ್ಮ ಹೆಸರು ಕರೆದಂತೆ ಮುಗುಳ್ನಗುತ್ತಾ ಕೂತಿದ್ದರು. ಹೊರಗೆ ಬಂದ ಮೇಲೆ ನಾನು ನರ್ಸ್ ಹಿಂದೆ ಓಡಿ, ಅತ್ತೆ ಮನೆಯಲ್ಲಿ ಬಹಳ ಕೆಲಸ ಮಾಡುತ್ತಾರೆ ಎಂದೆ. ಅವರು ನನ್ನ ಭುಜ ಸವರಿ, ಮನೆಯವರಿಗೆ ಹಾಗೆ ಅನ್ನಿಸುವುದು ಸಹಜ ಎಂದು ಸಮಾಧಾನ ಹೇಳಿದರು.

ಮುಂದಿನ ಸಲ ಸರ್ಜನ್ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಕೂತರು. ಡಾಕ್ಟರು ಕುರ್ಚಿ ಹತ್ತಿರಕ್ಕೆ ಎಳೆದರೆ ಏನರ್ಥವೆಂದು ಡಾಕ್ಟರ ಹೆಂಡತಿಗೆ ಗೊತ್ತು. ದಿನದ ಕೆಲಸಗಳಿಗೆಲ್ಲ ಇನ್ನೊಬ್ಬರನ್ನು ಅವಲಂಬಿಸಿದವರು ಇಂಥ ಆಪರೇಷನ್ನಿನಿಂದ ಏಳುವುದು ಕಷ್ಟ, ಕೊಯ್ಯದೆ, ನೋವಾಗದಂತೆ ನೋಡಿಕೊಳ್ಳುವುದೇ ಮೇಲು ಎಂದು ಅನ್ನಿಸುತ್ತದೆ ಎಂದರು. ಅಂದು ಫೋನಿನಲ್ಲಿ ಬೇರೆ ಯಾರೋ ಗಂಡಸಿನ ದನಿ. ಅತ್ತೆ ಗಮನವಿಟ್ಟು ಕೇಳಿದರು.

"ಅಂದ್ರ ಗಡ್ಡಿ ಒಳಗ ಇರತೈತಿ."

"ಹೌದು ಅಮ್ಮಾ."

"ಹಂ."

ಕಾರಿನಲ್ಲಿ ಅವರು ಕಿಟಕಿಯಿಂದ ಹೊರಗೆ ನೋಡುತ್ತಾ, "ಇರ್ಲಿ ಬಿಡ್ರಿ, ವಯಸ್ಸ ಆಗೇತಿ" ಎಂದು ಒಂದೇ ಒಂದು ಮಾತಾಡಿದರು. ಬೆಳಿಗ್ಗೆ ತಾನೇ ರೊಟ್ಟಿ ಬಡಿದು ಬಂದಿದ್ದ ಹೆಂಗಸು!

ಮನೆಗೆ ಬಂದು ಅತ್ತೆ ಮೇಲೆ ಹೋದರು. ಯಾರ ಕೈಯನ್ನೂ ಹಿಡಿಯದೆ, ಮೆಟ್ಟಿಲು ಹತ್ತಿಕೊಂಡೇ ಹೋದರು. ಅಡುಗೆಮನೆಯಲ್ಲಿ ನಾನು ಗಂಡನಿಗೆ ಎಲ್ಲವನ್ನೂ ಹೇಳಿಬಿಡೋಣವೆಂದು ಬಾಯಿ ತೆರೆದರೆ, ಅವರೇ ರೊಟ್ಟಿ ಡಬ್ಬಿಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು.

"ಅವ್ವ ರೊಟ್ಟಿ ಮಾಡತಾಳಂತ ನಾ ಅಂದಽ ಹೇಳಬೇಕಿತ್ತು."

"ನಿಮಗೆ ಗೊತ್ತಿತ್ತಾ?"

"ನಮ್ಮವ್ವನ ರೊಟ್ಟಿ ನನಗ ಗೊತ್ತಾಗೂದಿಲ್ಲೇನು? ಅಂಚಿಗೆ ಬೆರಳಿನ ಗುರ್ತ ಇರತಾವ."

"ಮತ್ತೆ ಇಷ್ಟು ವರ್ಷ ನನ್ನ ಮುಖ ನೋಡಿ ಹೊಗಳಿದ್ದು?"

"ಆಕಿಗೆ ಖುಷಿ ಆಗ್ತಿತ್ತು. ನಿನಗೂ ಆಗ್ತೈತಿ ಅಂತ ತಿಳಕೊಂಡಿದ್ದೆ."

ಡಬ್ಬಿಯ ಮುಚ್ಚಳದಿಂದ ಅವರ ತಲೆಗೊಂದು ಕೊಡಬೇಕೆನ್ನಿಸಿತು. "ಅಲ್ಲಿ ಯಾಕ್ರೀ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ರಿ? ನೀವು ಡಾಕ್ಟರಲ್ವಾ?" ಎಂದು ಕೇಳಿದೆ. ಹೊರಗಿನವರೆದುರು ಅವ್ವನ ಮಾತು ಸುಳ್ಳೆನ್ನುವುದು ಹೇಗೆ ಎಂದರು. ಹೀಗೆ ತಾಯಿ ಸೊಸೆಯ ಮಾನ ಕಾಯುತ್ತಾ, ಮಗ ತಾಯಿಯ ಮಾನ ಕಾಯುತ್ತಾ, ಸೊಸೆ ಅವರಿಬ್ಬರ ಬಾಯಿ ನೋಡುತ್ತಾ ಕೂತದ್ದಕ್ಕೆ ಗಡ್ಡೆ ಒಳಗೇ ಉಳಿಯುವ ಹಾಗಾಗಿತ್ತು.

ನಾನು ಮೇಲೆ ಹೋದೆ. ಅತ್ತೆ ಪೂಜೆಯ ಬಟ್ಟಲು ಒರೆಸುತ್ತಿದ್ದರು. ಮತ್ತೊಮ್ಮೆ ಪರೀಕ್ಷೆ ಮಾಡಿ ಎಂದು ಕೇಳೋಣ, ಈ ಸಲ ಇದ್ದದ್ದನ್ನು ಇದ್ದ ಹಾಗೆ ಹೇಳಿ ಎಂದೆ. ಅವರು ಬೇಡವೆಂದು ತಲೆಯಾಡಿಸಿದರು.

"ಆ ಫೋನಿನಾಕಿ ನಮ್ಮ ಮಂದಿ. ನಾಳೆ ಟಿವಿಡೇಲ್ ಗುಡ್ಯಾಗ ಸಿಕ್ಕಾಳು. ಮುದಿಕಿ ಕೈಲೆ ರೊಟ್ಟಿ ಬಡಸ್ತಾರಂತ ಹೇಳಿದ್ರ ನಿನ್ನ ಹೆಸರು ಏನಾಗಬೇಕು?"

"ನನ್ನ ಹೆಸರು ಹಾಳಾಗಿ ಹೋಗ್ಲಿ ಅತ್ತೆ!"

"ಹಂಗ ಅನಬಾರದ ಯವ್ವಾ."

ಆಮೇಲೆ ನಾನು ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಇಷ್ಟು ವರ್ಷ ಆ ಕಡ್ಡಿಯ ಮಾತನ್ನು ಮುದುಕಿಯ ಜಂಭವೆಂದೇ ತಿಳಿದಿದ್ದೆ, ಅದರಿಂದ ನನಗೆ ಸಿಕ್ಕ ಹೊಗಳಿಕೆಯನ್ನು ನಗುತ್ತಾ ತಿಂದಿದ್ದೆ. ನನ್ನ ಒಂದು ಹೆಸರಿಗಾಗಿ ಸಾವನ್ನೇ ಹೊಟ್ಟೆಯಲ್ಲಿ ಇಟ್ಟುಕೊಂಡಿರಲು ಅವರು ತಯಾರಿದ್ದರು.

ಮಾರನೆಯ ದಿನ ನರ್ಸ್‌ಗೆ ಫೋನ್ ಮಾಡಿ ಎಲ್ಲ ಹೇಳಿದೆ. ನಮ್ಮಲ್ಲಿ ಹಿರಿಯರು ಕೆಲಸ ಮಾಡುವುದಿಲ್ಲ ಎನ್ನುವುದು ಕಾಯಿಲೆಯ ಲಕ್ಷಣವಲ್ಲ, ಮನೆಯ ಮರ್ಯಾದೆ ಎಂದೆ. ಅವರು, ತಮ್ಮ ಅಜ್ಜಿ ಇದರ ತಿರುಗುಮುರುಗು, ಏಳಲಾಗದಿದ್ದರೂ ಎಲ್ಲ ತಾನೇ ಮಾಡುತ್ತೇನೆ ಎನ್ನುತ್ತಿದ್ದರು ಎಂದು ನಕ್ಕರು. ಹೇಳುವುದು ಬೇಡ, ಮಾಡಿ ತೋರಿಸಲಿ, ಕರೆದುಕೊಂಡು ಬನ್ನಿ ಎಂದರು.

ಆಸ್ಪತ್ರೆಯೊಳಗೇ ಒಂದು ಪುಟ್ಟ ಅಡುಗೆಮನೆ ಇದೆಯೆಂದು ನನಗೆ ಗೊತ್ತಿರಲಿಲ್ಲ. ವಯಸ್ಸಾದವರು ತಮ್ಮಷ್ಟಕ್ಕೆ ಒಂದು ಕಪ್ ಚಹಾ ಮಾಡಿಕೊಳ್ಳಬಲ್ಲರೇ ಎಂದು ಅಲ್ಲಿ ನೋಡುತ್ತಾರೆ. ಚಹಾ ಮಾಡಿಕೊಳ್ಳಬಲ್ಲವರು ಬದುಕಬಲ್ಲರು ಎಂಬುದು ಈ ದೇಶದ ನಂಬಿಕೆ, ನನಗೂ ಅದು ಒಪ್ಪಿಗೆಯೇ. ಗಂಡನಿಗೆ ಅಂದು ತಮ್ಮ ಆಸ್ಪತ್ರೆಯಲ್ಲಿ ಸರದಿಯ ಡ್ಯೂಟಿ. ಅತ್ತೆ, ನಾನು, ಒಬ್ಬ ಥೆರಪಿಸ್ಟ್ ಹೆಂಗಸು, ಕಟ್ಟೆಯ ಮೇಲೆ ಫೋನು. ದನಿ ಕೇಳಿದ ಕೂಡಲೇ ನಮ್ಮಿಬ್ಬರಿಗೂ ಗುರುತು ಸಿಕ್ಕಿತು, ಮೊದಲ ದಿನದ ಅದೇ ಹೆಂಗಸು. ಅತ್ತೆ ಸೆರಗು ಸರಿಮಾಡಿಕೊಂಡರು. ನನ್ನ ಜೀವ ಹೋಯಿತು.

ಒಂದು ಕಪ್ ಚಹಾ ಮಾಡಿ ಎಂದು ಥೆರಪಿಸ್ಟ್ ಹೇಳಿದರು. ಫೋನಿನಾಕೆ ಕನ್ನಡದಲ್ಲಿ ಹೇಳಿದರು. ಅತ್ತೆ ಅಲ್ಲಿದ್ದ ಒಂದೇ ಕುರ್ಚಿಯಲ್ಲಿ ಆರಾಮಾಗಿ ಕೂತು ನನ್ನತ್ತ ನೋಡಿ, "ಯವ್ವಾ, ಎಲ್ಲಾರಿಗೂ ಚಾ ಮಾಡು" ಎಂದರು. ನಾಚಿಕೆಯೆಂದರೆ ನನ್ನ ಕಾಲು ಅಭ್ಯಾಸಬಲದಿಂದ ಒಲೆಯ ಕಡೆಗೆ ಎರಡು ಹೆಜ್ಜೆ ಇಟ್ಟೂ ಬಿಟ್ಟಿತ್ತು. ಥೆರಪಿಸ್ಟ್ ಏನೋ ಬರೆದುಕೊಳ್ಳಲು ಪೆನ್ನು ಎತ್ತಿದರು.

ನಾನು ಒಲೆಯನ್ನು ಬಿಟ್ಟು ಫೋನಿನ ಹತ್ತಿರ ಹೋದೆ. "ನೋಡಿ ಮೇಡಂ, ನಮ್ಮನೇಲಿ ದಿನಾ ರೊಟ್ಟಿ ಮಾಡೋರು ನಮ್ಮತ್ತೆ. ನಾನಲ್ಲ. ನಂಗೆ ರೊಟ್ಟಿ ಬರಲ್ಲ. ತೋಟದ ಕೆಲಸ ಅವರದ್ದು, ಮಾರ್ಕೆಟ್ಟೂ ಅವರೇ. ಇದನ್ನ ಇವರಿಗೂ ಹೇಳಿ, ಬೇಕಾದ್ರೆ ಊರಿಗೆಲ್ಲಾ ಹೇಳಿ" ಎಂದು ಜೋರಾಗಿ ಹೇಳಿದೆ. ಫೋನು ಅದನ್ನೆಲ್ಲ ಶಾಂತವಾಗಿ ಇಂಗ್ಲಿಷಿನಲ್ಲಿ ಹೇಳಿತು.

ಅತ್ತೆಯ ಮುಖ ಕೆಂಪಾಯಿತು. ಎದ್ದು ನಿಂತರು. "ಹಂಗಲ್ರೀ ಬಾಯಾರ! ಚಪಾತಿ ಭಾಳ ಮೆತ್ತಗ ಮಾಡತಾಳ್ರಿ ಈಕಿ! ಹೋಳಗಿ ಅಂತೂ ಕೇಳಬ್ಯಾಡ್ರಿ. ರೊಟ್ಟಿ ಒಂದ ಬರಂಗಿಲ್ಲ, ಅದು ಮೈಸೂರವರ ತಪ್ಪು, ಈಕೀದೇನೈತಿ?" ಇಷ್ಟು ಹೇಳಿದ ಮೇಲೆ, ಮುಚ್ಚಿಡಲು ಇನ್ನೇನೂ ಉಳಿದಿಲ್ಲವೆಂದು ಹೊಳೆದಿರಬೇಕು. ನನ್ನನ್ನು ದುರುಗುಟ್ಟಿ ನೋಡಿ, ಸೆರಗು ಸಿಕ್ಕಿಸಿದರು.

"ನೀ ಸರಿ" ಎಂದರು.

ಕೆಟಲ್ ತೋರಿಸಿದರೆ ಅದನ್ನು ಬದಿಗಿಟ್ಟು, ಬೀರು ತಡಕಿ ಪಾತ್ರೆ ತೆಗೆದರು. ಟೀ ಬ್ಯಾಗುಗಳನ್ನು ಹರಿದು ಪುಡಿಯನ್ನು ಕುದಿಯುವ ನೀರಿಗೆ ಸುರಿದಾಗ ಥೆರಪಿಸ್ಟ್ "ಓ" ಎಂದರು. ಪರ್ಸಿನಿಂದ ಏಲಕ್ಕಿ ಬಂತು, ಚಮಚದ ಹಿಂಬದಿಯಿಂದ ಜಜ್ಜಿದ್ದಾಯಿತು. ಹಾಲು ಉಕ್ಕುವ ಹೊತ್ತಿಗೆ ಸರಿಯಾಗಿ ಉರಿ ತಗ್ಗಿತು. ಆಮೇಲೆ ಅತ್ತೆ ಕಪ್ಪುಗಳನ್ನು ಸಾಲಾಗಿ ಜೋಡಿಸಿ ಸೋಸಿದರು. ಥೆರಪಿಸ್ಟ್ ಕಪ್ಪುಗಳನ್ನು ನೋಡಿದರು, ನಮ್ಮನ್ನು ನೋಡಿದರು. ಜನ ಮೂವರು, ಕಪ್ಪು ನಾಲ್ಕು. ಅವರ ಹುಬ್ಬು ಗಂಟಾಯಿತು. ವಯಸ್ಸಾದವರಿಗೆ ಲೆಕ್ಕ ತಪ್ಪಿದರೆ ಅದು ಬೇರೆಯೇ ಕಾಯಿಲೆಯ ಸುಳಿವು. ನಾಲ್ಕನೆಯದು ಯಾರಿಗೆ ಎಂದು ಮೆಲ್ಲಗೆ ಕೇಳಿದರು.

"ಫೋನಿನಾಗಿನ ಬಾಯಾರಿಗೆ. ಪಾಪ, ಆವಾಗಿಂದ ಮಾತಾಡಿ ಗಂಟ್ಲ ಒಣಗಿರಬೇಕು."

ಫೋನು ಗಂಟಲು ಸರಿಮಾಡಿಕೊಂಡಿತು. ಆಮೇಲೆ ತನ್ನ ಬಗ್ಗೆಯೇ ಹೇಳಿದ ಮಾತನ್ನು ನಿಯಮದ ಪ್ರಕಾರ ಅನುವಾದಿಸಿತು. ಥೆರಪಿಸ್ಟ್ ಪೆನ್ನು ಕೆಳಗಿಟ್ಟು ನಕ್ಕರು, ಚಹಾ ಕುಡಿದರು, ಆ ನಾಲ್ಕನೆಯದನ್ನೂ ಕುಡಿದರು. ಅದಾದ ಮೇಲೆ ಅಲ್ಲೇ ಪರೀಕ್ಷೆಗೆಂದು ಇಟ್ಟಿದ್ದ ಮೆಟ್ಟಿಲುಗಳನ್ನು ಅತ್ತೆ ನಿರಿಗೆ ಎತ್ತಿ ಹಿಡಿದು ಹತ್ತಿ ಇಳಿದು ಹತ್ತಿದ್ದನ್ನು ನೋಡಿ, ಸಾಕು ಸಾಕು ಎಂದರು.

ತೀರ್ಮಾನ ಬದಲಾಯಿತು. ಆಪರೇಷನ್ ಆಯಿತು. ಗಡ್ಡೆ ಪೂರ್ತಿ ಹೊರಬಂದಿದೆ ಎಂದು ಸರ್ಜನ್ ಹೇಳಿದಾಗ ನನ್ನ ಗಂಡ ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ಮಕ್ಕಳ ಹಾಗೆ ಅತ್ತರು. ವಾರ್ಡಿನಲ್ಲಿ ಅತ್ತೆ ಹೊಸ ಪಾಠವನ್ನು ಅತಿಯಾಗಿ ಕಲಿತಿದ್ದರು. ಕುತ್ತಿಗೆಯಲ್ಲಿ ಆಸ್ಪತ್ರೆಯ ಗುರುತಿನ ಬಿಲ್ಲೆ ತೂಗಿಸಿಕೊಂಡವರು ಯಾರು ಬಂದರೂ, ಊಟ ತರುವವನೇ ಬರಲಿ, ಎದ್ದು ಕೂತು ಹೊದಿಕೆ ಮಡಚಲು ತೊಡಗುತ್ತಿದ್ದರು. ಕೈಗೆ ಡ್ರಿಪ್ ಇದೆ, ಮಲಗಿಕೊಳ್ಳಿ ಎಂದು ನರ್ಸ್‌ಗಳು ಬೇಡಿಕೊಳ್ಳಬೇಕಾಯಿತು.

ಮನೆಗೆ ಬಂದ ಮೇಲೆ ಮಾತ್ರ ಅವರು ನಿಜವಾಗಿ ಸೋಫಾದವರಾದರು. ಜೀವ ಉಳಿದಿತ್ತು, ತೋಳಿನ ಕಸುವು ಹೋಗಿತ್ತು. ರೊಟ್ಟಿ ನನ್ನ ಪಾಲಿಗೆ ಬಂತು. ಪಕ್ಕದ ಮನೆಯವರಿಗೆ ಬಾಯ್ಲರಿನ ಸದ್ದು ಮತ್ತೆ ಕೇಳತೊಡಗಿತು, ತಾಳ ತಪ್ಪಿದ ಸದ್ದು. ಗಂಡ ನನ್ನ ಹರಕು ರೊಟ್ಟಿಗಳನ್ನು ಸುಮ್ಮನೆ ಸಾರಿಗೆ ಮುರಿದುಕೊಂಡು ಉಂಡರು, ಹೊಗಳಲಿಲ್ಲ. ಹೊಗಳದಿದ್ದುದಕ್ಕೆ ನಾನು ಋಣಿ. ಅತ್ತೆ ಸೋಫಾದಿಂದಲೇ ಸದ್ದು ಕೇಳಿ, "ನೀರ ಕಡಿಮಿ ಆಗೇತಿ" ಎಂದು ಕೂಗುತ್ತಿದ್ದರು. ಬಂದವರೆದುರು ಮಾತ್ರ ಆ ಕಡ್ಡಿಯ ಮಾತನ್ನು ಅವರು ಮತ್ತೆ ಆಡಲಿಲ್ಲ. ನಾನದನ್ನು ಗಮನಿಸಿದ್ದೆ, ಕೇಳಲು ಧೈರ್ಯವಾಗಲಿಲ್ಲ.

ಶ್ರಾವಣದ ಒಂದು ಶನಿವಾರ ಟಿವಿಡೇಲ್‌ಗೆ ಹೋಗೋಣವೆಂದರು. ಬೆಳಿಗ್ಗೆ ನಾನು ಹಿಟ್ಟು ನಾದುವಾಗ ಪಕ್ಕದಲ್ಲಿ ಬಂದು ನಿಂತು, "ನೀ ಸರಿ" ಎಂದರು. ಸರಿದೆ. ಒಂದು ಉಂಡೆ ತಗೊಂಡು ಬಡಿದರು. ಅರ್ಧದಷ್ಟು ಅಗಲವಾಗಿತ್ತು, ಅಂಚು ಗುಂಡಗೆ, ಬೆರಳಿನ ಗುರುತು ಸಾಲಾಗಿ. ಅಷ್ಟರಲ್ಲಿ ತೋಳು ಸೋತಿತು. ಸ್ವಲ್ಪ ಹೊತ್ತು ಅದನ್ನೇ ನೋಡುತ್ತಾ ನಿಂತು, "ಮುಗಸ ಯವ್ವಾ" ಎಂದು ಹೇಳಿ ಸೀರೆ ಉಡಲು ಹೋದರು. ಅವರು ಬಡಿದ ಅರ್ಧಕ್ಕೆ ನಾನು ಉಳಿದರ್ಧ ಸೇರಿಸಿದೆ, ಅವಸರದಲ್ಲಿ ಹಂಚಿನ ಅಂಚು ತಾಗಿ ಬಲಗೈಯ ಹಿಂಬದಿ ಸುಟ್ಟಿತು.

ಗುಡಿಯಲ್ಲಿ ಊಟದ ಮೇಜಿಗೆ ಹಳೆಯ ಪರಿಚಯದ ಹೆಂಗಸೊಬ್ಬರು ಬಂದು ಕೂತರು. ಆಪರೇಷನ್ ಸುದ್ದಿ ಕೇಳಿ ಲೊಚಗುಟ್ಟಿ, "ಹೆಂಗೂ ಬಂಗಾರದಂಥ ಸೊಸೆ ಇದಾಳಲ್ಲ, ಕಡ್ಡಿ ಎತ್ತಿಡಕ್ಕೂ ಬಿಡಲ್ಲ ಅಂತಿದ್ರಿ" ಎಂದರು.

ಅತ್ತೆ ನೆಟ್ಟಗೆ ಕೂತರು.

"ಎಲ್ಲೀ ಬಂಗಾರ್ರೀ? ಈಕಿಗೆ ರೊಟ್ಟಿ ಬರಂಗಿಲ್ಲ. ದಿನಾ ನಾನಽ ಬಡೀಬೇಕು. ಇವತ್ತ ಸೈತ ಬಡದಽ ಬಂದೀನಿ."

ಆ ಹೆಂಗಸು ಬೆರಗಾಗಿ ನನ್ನ ಕಡೆ ತಿರುಗಿದರು. ಇಷ್ಟು ವರ್ಷದ ನನ್ನ ಕೀರ್ತಿ ಪುಳಿಯೋಗರೆಯ ತಟ್ಟೆಯ ಮುಂದೆ ನೆಲ ಕಚ್ಚಿತು.

"ಹೌದು. ಎಲ್ಲಾ ನಮ್ಮತ್ತೆನೇ ಮಾಡೋದು" ಎಂದೆ.

ಅವರ ಕಣ್ಣು ಮೇಜಿನ ಮೇಲಿದ್ದ ನನ್ನ ಬಲಗೈಯತ್ತ ಹೊರಳುವಷ್ಟರಲ್ಲಿ, ಅತ್ತೆ ಮಾತು ಮುಂದುವರಿಸುತ್ತಲೇ ತಮ್ಮ ಕೈಯನ್ನು ಅದರ ಮೇಲಿಟ್ಟು ಹಂಚು ಸುಟ್ಟ ಗಾಯವನ್ನು ಮುಚ್ಚಿದರು. ಊಟ ಮುಗಿಯುವವರೆಗೆ ತೆಗೆಯಲಿಲ್ಲ. ನಾನು ಎಡಗೈಯಲ್ಲಿ ಚಮಚ ಹಿಡಿದು ತಿಂದೆ.